ಟ್ಯಾಂಟಲಮ್ ಮತ್ತು ಮೈಮುನಾಳ ಸಹಿ

ಬೀಡಿ ಕಟ್ಟುವ ಹೆಂಗಸರ ಬೆರಳು ನೋಡಿಯೇ ತಾತ್ಯಾಸಾಹೇಬ ತನ್ನ ಕಾರ್ಖಾನೆಗೆ ಕೆಲಸದವರನ್ನು ಆರಿಸಿಕೊಂಡ. ಎಂಬತ್ತೇಳನೆಯ ಇಸವಿಯಲ್ಲಿ ನಿಪ್ಪಾಣಿಯ ಹಳೆಯ ತಂಬಾಕಿನ ಗೋದಾಮೊಂದನ್ನು ತೊಳೆಸಿ, ಸುಣ್ಣ ಹೊಡೆಸಿ, ಕರೆಂಟ್ ಹೋದರೆ ಕೂಗುವ ಅಲಾರಂ ಪೆಟ್ಟಿಗೆಗಳನ್ನು ಅಲ್ಲಿ ಮಾಡಿಸತೊಡಗಿದ. ಹಾಲಿನ ಡೇರಿಗಳು, ಕೋಳಿಮರಿ ಮಾಡಿಸುವ ಹ್ಯಾಚರಿಗಳು ಅವನ್ನು ಕೊಳ್ಳುತ್ತಿದ್ದವು.

ಮೈಮುನಾಳಿಗೆ ಆಗ ಇಪ್ಪತ್ನಾಲ್ಕು. ಇಚಲಕರಂಜಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ತಾಯಿ ರಹಿಮಾಬಿ ತಂಬಾಕಿನ ಧೂಳು ಕುಡಿದು ಕೆಮ್ಮುತ್ತ ಹಾಸಿಗೆ ಹಿಡಿದಿದ್ದಳು. ಆ ಧೂಳಿನಿಂದ ತಪ್ಪಿಸಿಕೊಂಡೆನೆಂಬ ಸಮಾಧಾನ ಮೈಮುನಾಳಿಗೆ ಎಷ್ಟಿತ್ತೆಂದರೆ, ಬೆಸುಗೆಯ ಹೊಗೆ ಕೂಡ ಅವಳಿಗೆ ಹಿತವಾಗಿತ್ತು.

ಪಕ್ಕದ ಸ್ಟೂಲು ಶೇವಂತಾಳದು. ಬೋರಗಾಂವದಿಂದ ಮದುವೆಯಾಗಿ ಬಂದವಳು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಅಲಾರಂ ಪೆಟ್ಟಿಗೆಯೊಳಗಿನ ಸರ್ಕಿಟ್ ಬೋರ್ಡಿನ ತೂತುಗಳಿಗೆ ಸಾಮಾನು ಕೂಡಿಸುವುದು ಅವಳ ಕೆಲಸ. ಅವುಗಳಲ್ಲಿ ಜೋಳದ ಕಾಳಿನಷ್ಟು ದೊಡ್ಡ ಒಂದು ಹಳದಿ ಗುಂಡು ಇತ್ತು: ಟ್ಯಾಂಟಲಮ್ ಕೆಪಾಸಿಟರ್. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಕೊಡುವ ಸಾಮಾನು ಅದು. ಎರಡು ಕಾಲು, ಒಂದು ಪ್ಲಸ್, ಒಂದು ಮೈನಸ್. ತಿರುಗಿಸಿ ಹಾಕಿದರೆ ಸತ್ತುಹೋಗುತ್ತದೆ. ಶೇವಂತಾ ನಾಲ್ಕು ವರ್ಷದಲ್ಲಿ ಒಂದನ್ನೂ ತಿರುಗಿಸಿ ಹಾಕಿರಲಿಲ್ಲ. ಮೈಮುನಾಳಿಗೆ ಇದು ಗೊತ್ತಿತ್ತು, ಏಕೆಂದರೆ ಪ್ರತಿ ಬೋರ್ಡನ್ನೂ ಪರೀಕ್ಷಿಸುತ್ತಿದ್ದವಳು ಅವಳೇ.

ತೊಂಬತ್ತರಿಂದ ಬೋರ್ಡುಗಳು ಹಿಂದಿರುಗಿ ಬರತೊಡಗಿದವು. ಎಲ್ಲದರಲ್ಲೂ ಹಳದಿ ಗುಂಡೇ ಸುಟ್ಟು ಕಪ್ಪಾಗಿರುತ್ತಿತ್ತು. ಆದರೆ ಸುಡದೆ ಉಳಿದ ಅಂಚಿನಲ್ಲಿ ಪ್ಲಸ್ ಗುರುತು ಸರಿಯಾದ ತೂತಿನ ಕಡೆಗೇ ಕಾಣುತ್ತಿತ್ತು. ತನ್ನ ಮೇಜಿನ ಮೇಲೆ ಪಾಸಾದದ್ದು ಹೊರಗೆ ಹೋಗಿ ಏಕೆ ಸಾಯುತ್ತದೆ ಎಂದು ಮೈಮುನಾ ತಲೆ ಕೆಡಿಸಿಕೊಂಡಳು. ಪರೀಕ್ಷೆಯಲ್ಲಿ ಅವಳು ಗುಂಡಿ ತಿರುಗಿಸಿ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಿದ್ದಳು. ಹೊರಗೆ ಹಾಗಲ್ಲ. ಕರೆಂಟ್ ಹೋದ ಕೂಡಲೇ ಪೆಟ್ಟಿಗೆಗೆ ಜೋಡಿಸಿದ ಬ್ಯಾಟರಿಯ ವಿದ್ಯುತ್ತು ಒಮ್ಮೆಲೇ ಬಂದು ಬಡಿಯುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಇಪ್ಪತ್ತು ಬೋರ್ಡುಗಳನ್ನು ಲಾರಿಯ ಬ್ಯಾಟರಿಗೆ ನೇರವಾಗಿ ಮುಟ್ಟಿಸಿ, ಬಿಡಿಸಿ, ಮತ್ತೆ ಮುಟ್ಟಿಸಿ ನೋಡಿದಳು. ಎರಡು ಗುಂಡು ಟಪ್ಪೆಂದು ಸುಟ್ಟವು. ಇನ್ನಿಪ್ಪತ್ತಕ್ಕೆ ನಡುವೆ, ವಿದ್ಯುತ್ತಿನ ರಭಸ ತಡೆಯುವ ಒಂದು ಸಣ್ಣ ರೆಸಿಸ್ಟರ್ ಹಾಕಿ ಅದನ್ನೇ ಮಾಡಿದಳು. ಒಂದೂ ಸುಡಲಿಲ್ಲ.

ವಾರಕ್ಕೊಮ್ಮೆ ಕೊಲ್ಹಾಪುರದಿಂದ ಬರುತ್ತಿದ್ದ ಇಂಜಿನಿಯರಿಗೆ ಅವಳು ಇದನ್ನು ತೋರಿಸಿದಳು.

"ಸಾಹೇಬ್ರ, ಗುಂಡಿನ ಮ್ಯಾಲ ಹದಿನಾರು ವೋಲ್ಟ್ ಅಂತ ಐತ್ರಿ. ತುಂಬಿದ ಬ್ಯಾಟರಿ ಹದಿಮೂರುವರಿ ಕೊಡ್ತೈತಿ. ಒಮ್ಮೆಲೇ ಬಂದ್ರ ಅದಕ್ಕ ತಡ್ಯಾಕ ಆಗವಲ್ದು."

"ಹದಿನಾರು ಅಂದ್ರ ಹದಿನಾರು," ಎಂದ ಅವನು. "ಮಿಲಿಟರಿಯವ್ರು ಬಳಸೂ ಮಾಲು ಅದು, ತಾನಾಗಿ ಹೋಗಂಗಿಲ್ಲ. ಯಾರೋ ಉಲ್ಟಾ ಹಾಕ್ಯಾರ. ನೀ ನಿನ್ನ ಮೇಜ್ ನೋಡ್ಕೊ."

ತೊಂಬತ್ತೊಂದರ ಮೇ ತಿಂಗಳಲ್ಲಿ ಹಾರೂಗೇರಿಯ ವಿರುಪಾಕ್ಷಪ್ಪನ ಹ್ಯಾಚರಿಯಲ್ಲಿ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಜನರೇಟರ್ ನಡೆಸುವ ಆಳು ಊಟಕ್ಕೆ ಕುಳಿತಿದ್ದ. ಅಲಾರಂ ಕೂಗಲಿಲ್ಲ. ಮರುದಿನ ಒಡೆಯಬೇಕಿದ್ದ ಮೊಟ್ಟೆಗಳೊಳಗೆ ಮರಿಗಳು ಗಾಳಿಯಿಲ್ಲದೆ ಬೆಂದುಹೋದವು. ವಿರುಪಾಕ್ಷಪ್ಪ ಸುಟ್ಟ ಬೋರ್ಡನ್ನೂ, ಮೊಟ್ಟೆ ಒಡೆದು ತೆಗೆದ ಒಂದು ಬುಟ್ಟಿ ಸತ್ತ ಮರಿಗಳನ್ನೂ ತಂದು ತಾತ್ಯಾಸಾಹೇಬನ ಮೇಜಿನ ಮೇಲಿಟ್ಟ.

ತಾತ್ಯಾಸಾಹೇಬನಿಗೆ ತಪ್ಪು ಹೊರಿಸಲು ಒಂದು ಹೆಸರು ಬೇಕಾಗಿತ್ತು. ಸಂಜೆ ಮೈಮುನಾಳನ್ನು ಒಳಗೆ ಕರೆದ. ಕಾಗದ ಆಗಲೇ ಟೈಪಾಗಿತ್ತು. ಕೆಪಾಸಿಟರನ್ನು ಶೇವಂತಾ ತಿರುಗಿಸಿ ಹಾಕಿದ್ದಳು, ಪರೀಕ್ಷೆಗೆ ಬಾರದೆಯೇ ಬೋರ್ಡು ಹೊರಗೆ ಹೋಯಿತು ಎಂದು ಬರೆದಿತ್ತು.

"ಗುಂಡು ಸರಿಯಾಗೇ ಹಾಕ್ಯಾಳ್ರಿ," ಎಂದಳು ಮೈಮುನಾ. "ಗುರ್ತು ಕಾಣತೈತಿ ನೋಡ್ರಿ."

"ನಾ ನೋಡೂದಿಲ್ಲ. ಡಿಸೈನೇ ತಪ್ಪು ಅಂದ್ರ ಕೊಟ್ಟ ಪೆಟ್ಟಿಗಿ ಎಲ್ಲಾ ವಾಪಸ್ ಬರ್ತಾವ. ಕಾರ್ಖಾನೆ ಮುಚ್ಚತೈತಿ. ನಿಮ್ಮವ್ವನ ಗತಿ ಏನು, ನೀನ ವಿಚಾರ ಮಾಡು."

ಮೈಮುನಾ ಸಹಿ ಹಾಕಿದಳು. ಬೈದು ಬೆದರಿಸಿದ್ದರೆ ಹಾಕುತ್ತಿರಲಿಲ್ಲವೇನೋ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದನ್ನು ಅವಳೂ ನಂಬುತ್ತಿರಲಿಲ್ಲ.

ಕೆಲಸ ಕಳೆದುಕೊಂಡ ಶೇವಂತಾ ಮರುದಿನ ಬಂದು ತನ್ನ ಡಬ್ಬಿ, ಸೆರಗಿಗೆ ಚುಚ್ಚುವ ಪಿನ್ನು ತೆಗೆದುಕೊಂಡು ಹೋದಳು. ಮೈಮುನಾಳ ಕಡೆ ನೋಡಲಿಲ್ಲ.

ಮೂರು ವಾರಕ್ಕೆ ಹೊಸ ಬೋರ್ಡುಗಳು ಬಂದವು. ಗುಂಡಿನ ಮೇಲೆ ಮೂವತ್ತೈದು ವೋಲ್ಟ್ ಎಂದಿತ್ತು, ಅದರ ಹಿಂದೆ ಒಂದು ಸಣ್ಣ ರೆಸಿಸ್ಟರ್ ಇತ್ತು. ಇಂಜಿನಿಯರ್ ಅದನ್ನು ತನ್ನ ಸುಧಾರಣೆಯೆಂದ. ಆಮೇಲೆ ಒಂದು ಬೋರ್ಡೂ ಸುಟ್ಟು ಬರಲಿಲ್ಲ. ಮೈಮುನಾಳನ್ನು ಸೂಪರ್‌ವೈಸರ್ ಮಾಡಿದರು. ರಹಿಮಾಬಿ ಎರಡೇ ವರ್ಷ ಬದುಕಿದಳು.

ತೊಂಬತ್ತಾರರಲ್ಲಿ ಪುಣೆಯಿಂದ ಅಗ್ಗದ ಪೆಟ್ಟಿಗೆಗಳು ಬರುತ್ತಿದ್ದಂತೆ ಕಾರ್ಖಾನೆ ಹೇಗೂ ಮುಚ್ಚಿತು. ಮೈಮುನಾ ಮತ್ತೆ ಬೀಡಿಗೆ ಬಂದಳು. ಬೆಳಿಗ್ಗೆ ಬೀಡಿ ಎಲೆ ತೂಗಿ ಕೊಡುವ ಸಾಲಿನಲ್ಲಿ ಶೇವಂತಾ ನಿಂತಿದ್ದಳು. ಕೂದಲು ನರೆತಿತ್ತು. ಮೈಮುನಾ ಹತ್ತಿರ ಹೋಗಿ, ಐದು ವರ್ಷ ಗಂಟಲಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ಗುಂಡು ಸರಿಯಾಗಿಯೇ ಇತ್ತು, ಗೊತ್ತಿದ್ದೂ ಸಹಿ ಹಾಕಿದೆ ಎಂದಳು.

ಶೇವಂತಾ ಎಲೆಯ ಕಟ್ಟನ್ನು ಬಗಲಿಗೆ ಏರಿಸಿಕೊಂಡಳು.

"ನನ್ನ ಕೈ ನನಗ ಗೊತ್ತಿಲ್ಲೇನ ಬೇ? ನೀ ಹೇಳಬೇಕಿತ್ತೇನು? ಅಂವಾ ಹ್ಯಾಚರಿಯಾಂವಾ ನಮ್ಮ ಮನಿ ಮುಂದ ಬಂದು, ನನ್ನ ಮಕ್ಕಳ ಎದುರಿಗೆ ಕೈಗೇಡಿ ಅಂದು ಹೋದ. ಆವತ್ತ ಬಂದು ಹೇಳಬೇಕಿತ್ತು. ಈಗ ಹೇಳಿ ನಿನ್ನ ಎದಿ ಹಗರ ಮಾಡ್ಕೊಳ್ಳಾಕತ್ತಿ, ಅಷ್ಟ."

ಹಿಂದಿನವರು ಮುಂದೆ ಸರಿಯಿರಿ ಎಂದರು, ಮೈಮುನಾ ಸರಿದಳು. ಮರುದಿನದಿಂದ ಶೇವಂತಾ ಬೆಳಗಿನ ಸಾಲು ಬಿಟ್ಟು ಸಂಜೆಯ ಸಾಲಿಗೆ ಬರತೊಡಗಿದಳು.