ಗಡಿಬಿಡಿ ಮೇಸ್ತ್ರಿಯ ಆರು ಕುರ್ಚಿ

ಊರಿನ ಅರ್ಧ ಜನ ಅವನು ಮಾಡಿದ ಕುಶನ್ ಮೇಲೆ ಕೂತಿದ್ದಾರೆ. ಅವನು ಕೂತಿದ್ದನ್ನು ನೋಡಿದವರು ಮಾತ್ರ ಕಡಿಮೆ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತದೆ, ಯಾರಾದರೂ ಕರೆದರೆ ಎದ್ದು ಓಡುವುದಕ್ಕೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ ಎಂದರೆ, ಆ ಹತ್ತು ನಿಮಿಷದಲ್ಲಿ ಮುಂದಿನ ಸ್ಟಾಪಿನ ಕಡೆಗೆ ನಡೆದು, ನಡುದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡು, ಡ್ರೈವರನ್ನು ಬೈಯುತ್ತಾನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಅನ್ನುತ್ತಿದ್ದಳು ಅವನ ತಾಯಿ. ಬೀದಿಯವರು ಅಷ್ಟು ಉದ್ದಕ್ಕೆ ಹೋಗದೆ, ಗಡಿಬಿಡಿ ಮೇಸ್ತ್ರಿ ಎಂದು ಕರೆದು ಮುಗಿಸಿದರು.

ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪನ ಕಾಲದಲ್ಲಿ ಎಲ್ಲವೂ ಮೊಳೆ, ಸುತ್ತಿಗೆ. ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತುಟಿಗೆ ತಂದು, ಬಟ್ಟೆಗೆ ಒತ್ತಿ ಹೊಡೆಯಬೇಕು. ಮಗ ಹನ್ನೊಂದನೇ ವಯಸ್ಸಿಗೆ ಆ ವಿದ್ಯೆ ಕಲಿಯಲು ಹೋಗಿ ಆತುರಕ್ಕೆ ಒಂದು ಮೊಳೆ ನುಂಗಿದ. ಮೂರು ದಿನ ಮನೆಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಕಾದರು. ನಾಲ್ಕನೇ ದಿನ ಮೊಳೆ ತಾನಾಗಿ ಹೊರಬಂತು. "ತೊಳೆದಿಡು, ಕೆಲಸಕ್ಕೆ ಬರುತ್ತೆ" ಅಂದನಂತೆ ಅಪ್ಪ.

ನಲವತ್ತಾರಕ್ಕೆ ಮೇಸ್ತ್ರಿಯ ಬಲಭುಜ ಹಿಡಿದುಕೊಂಡಿತು. ಸುತ್ತಿಗೆ ಎತ್ತಿದರೆ ಕಣ್ಣಲ್ಲಿ ನೀರು. ಅವನು ಕೆಲಸ ಮಾಡುವ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕವರುಗಳನ್ನು ಹೊಲಿಯುವ ಹೆಂಡತಿ ಹಟ ಹಿಡಿದು ಗಾಳಿ ಗನ್ನು ತರಿಸಿದಳು. ಮೂಲೆಯಲ್ಲಿ ಗುರುಗುಟ್ಟುವ ಕಂಪ್ರೆಸರ್, ಅದರಿಂದ ಉದ್ದನೆಯ ಪೈಪು, ಪೈಪಿನ ತುದಿಗೆ ಗನ್ನು. ಅದರ ಹೊಟ್ಟೆಗೆ ಪಿನ್ನಿನ ಪಟ್ಟಿ ತುಂಬಿ, ಮೂತಿಯನ್ನು ಬಟ್ಟೆಗೆ ಒತ್ತಿ, ಬೆರಳು ಎಳೆದರೆ ಠಪ್. ಭುಜಕ್ಕೆ ಏನೂ ಗೊತ್ತಾಗುವುದಿಲ್ಲ. ಮೂರು ದಿನದ ಕೆಲಸ ಒಂದು ದಿನಕ್ಕೆ ಇಳಿಯಿತು. ಮೊದಲ ವಾರ ಮೇಸ್ತ್ರಿ ಮನೆಯಲ್ಲಿದ್ದ ಸ್ಟೂಲು, ಮಣೆಗಳಿಗೆಲ್ಲ ಕುಶನ್ ಹೊಡೆದ. ಬಾಗಿಲ ಬಳಿಯ ಕಾಲೊರಸನ್ನೂ ಮರದ ಹಲಗೆಗೆ ಹೊಡೆದಾಗ ಹೆಂಡತಿ ಕರೆಂಟ್ ಆರಿಸಿದಳು.

ನನ್ನನ್ನು ಕೇಳಿದರೆ, ಆ ಗನ್ನು ಅವನ ಭುಜವನ್ನು ಉಳಿಸಿತು, ಬುದ್ಧಿಯನ್ನು ಕೆಡಿಸಿತು. ಸುತ್ತಿಗೆ ಹಿಡಿದ ಕೈ ಆಗಾಗ ದಣಿದು ಸೋಲುತ್ತಿತ್ತು. ಸೋತಾಗ ನಿಲ್ಲಬೇಕಿತ್ತು, ನಿಂತಾಗ ಮಾಡಿದ್ದರ ಮೇಲೆ ಕಣ್ಣು ಹೋಗುತ್ತಿತ್ತು. ಗನ್ನಿಗೆ ದಣಿವು ಇಲ್ಲ. ಮೊದಲೇ ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು.

ಮೇಸ್ತ್ರಿಗೆ ಒಬ್ಬಳೇ ಮಗಳು. ಕಂಪ್ರೆಸರ್ ಸದ್ದಿನಲ್ಲೇ ಓದಿ ಪಾಸಾದವಳು. ಹಳೇ ಸೋಫಾಗಳಿಂದ ತುಕ್ಕು ಪಿನ್ನುಗಳನ್ನು ಕೀಳುವುದರಲ್ಲಿ ಅಪ್ಪನಿಗಿಂತ ನಿಧಾನ, ಅಪ್ಪನಿಗಿಂತ ಚೊಕ್ಕ. ಎರಡು ವರ್ಷದ ಹಿಂದೆ ಅವಳನ್ನು ನಿವೃತ್ತ ಹೆಡ್‌ಮಾಸ್ತರರ ಮನೆಗೆ ಕೊಟ್ಟಿದ್ದಾಯಿತು. ಬೀಗರು ಕೆಟ್ಟವರಲ್ಲ. ಆದರೆ ಮಾತಾಡುವಾಗ ಎದುರಿಗಿರುವವರ ಉತ್ತರಕ್ಕೆ ಮಾರ್ಕು ಹಾಕುತ್ತಿರುವ ಹಾಗೆ ನೋಡುತ್ತಾರೆ, ಮೇಸ್ತ್ರಿಗೆ ತಾನು ಎಷ್ಟು ಸಲ ಹೋದರೂ ಫೇಲಾಗಿಯೇ ಬಂದೆ ಅನ್ನಿಸುತ್ತದೆ. ಬೀಗಿತ್ತಿಯೋ ಒಳ್ಳೆಯ ಮಾತನ್ನೂ ಮೂಗು ಮುರಿದೇ ಹೇಳುವವರು. ಹಾಗಾಗಿ ಮಗಳನ್ನು ನೋಡಲು ಹೋದರೆ ಬಾಗಿಲಲ್ಲೇ ನಿಂತು ಎರಡು ಮಾತಾಡಿ, ಕೆಲಸ ಇದೆ ಎಂದು ಓಡಿಬರುವುದು ರೂಢಿ.

ಆ ಮನೆಯ ಊಟದ ಮೇಜಿನ ಆರು ಕುರ್ಚಿಗಳಿಗೆ ಹೊಸ ಸೀಟು ಹಾಕಿಸುವ ಮಾತು ಬಂದಾಗ ಬೀಗಿತ್ತಿ ದೊಡ್ಡ ರಸ್ತೆಯ ಅಂಗಡಿಯ ಹೆಸರು ಎತ್ತಿದರು. ಮಗಳು ಎಂದೂ ಎದುರಾಡದವಳು, "ಒಂದ್ಸಲ ನಮ್ಮಪ್ಪನ ಕೈಕೆಲಸ ನೋಡಿ ಅತ್ತೆ, ಆಮೇಲೆ ಹೇಳಿ" ಅಂದುಬಿಟ್ಟಳು. ಮೇಸ್ತ್ರಿ ಒಂದೇ ದಿನದಲ್ಲಿ ಆರೂ ಮುಗಿಸಿ, ಮರುದಿನ ಬೆಳಿಗ್ಗೆ ತಾನೇ ಗಾಡಿಯಲ್ಲಿ ತಂದಿಳಿಸಿ, ನೀರೂ ಕುಡಿಯದೆ ಹೊರಟ. ಬೀಗರು ಕನ್ನಡಕ ಏರಿಸಿ ಅಂಚುಗಳನ್ನು ನೋಡಿ "ಪರವಾಗಿಲ್ಲ" ಅಂದರಂತೆ. ಆ ಒಂದು ಮಾತನ್ನು ಮೇಸ್ತ್ರಿ ಹನ್ನೆರಡು ದಿನದಲ್ಲಿ ಬೀದಿಗೆಲ್ಲ ಹಂಚಿದ.

ಹದಿಮೂರನೇ ದಿನ ಭಾನುವಾರ. ಬೆಳಿಗ್ಗೆ ಕಿಟಕಿಯ ಬಳಿಯಿದ್ದ ರೆಕ್ಸಿನ್ ಸುರುಳಿಯನ್ನು ಎತ್ತಿದಾಗ ಅದರ ಹಿಂದೆ ಒಂದು ಪಿನ್ನಿನ ಪಟ್ಟಿ ಕಂಡಿತು. ಗಿಡ್ಡ ಪಿನ್ನು. ಅದನ್ನು ತೆಗೆದು ಡಬ್ಬಿಗೆ ಹಾಕಲು ಹೋದವನು ಅಲ್ಲೇ ನಿಂತ. ಬೀಗರ ಕುರ್ಚಿಗಳ ದಿನ, ಒಂದೊಂದು ಕುರ್ಚಿಗೆ ಒಂದೊಂದರಂತೆ ಗಿಡ್ಡ ಪಿನ್ನಿನ ಆರು ಪಟ್ಟಿಗಳನ್ನು ಅವನೇ ಆ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದ್ದ. ಹಾಗಾದರೆ ಆರನೆಯದು ಇಲ್ಲೇ ಹೇಗೆ ಉಳಿಯಿತು? ಆಗ ನೆನಪಾಯಿತು. ಆ ಕುರ್ಚಿಗಳ ಹಿಂದಿನ ದಿನ ಒಂದು ಸೋಫಾದ ದಪ್ಪ ಮರಕ್ಕೆ ಹೊಡೆಯಲು ಗನ್ನಿಗೆ ಉದ್ದ ಪಿನ್ನು ತುಂಬಿದ್ದ. ಮರುದಿನ ಬೆಳಿಗ್ಗೆ ಅದನ್ನು ತೆಗೆಯದೆ, ನೋಡದೆ, ಮೊದಲ ಕುರ್ಚಿಯನ್ನು ಅದರಲ್ಲೇ ಹೊಡೆದು ಮುಗಿಸಿದ್ದ.

ಕುರ್ಚಿಯ ಸೀಟು ಎಂದರೆ ತೆಳುವಾದ ಪ್ಲೈವುಡ್ ಹಲಗೆ, ಅದರ ಮೇಲೆ ಫೋಮು, ಅದರ ಮೇಲೆ ಬಟ್ಟೆ. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಲಗೆಯ ಅಡಿಯಿಂದ ಪಿನ್ನು ಹೊಡೆಯಬೇಕು. ಉದ್ದ ಪಿನ್ನು ಹೊಡೆದರೆ ತೆಳು ಹಲಗೆಯನ್ನು ದಾಟಿ, ಫೋಮಿನೊಳಗೆ ಮೊನೆ ಎತ್ತಿಕೊಂಡು ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಯಾಡಿಸಿದರೂ ತಿಳಿಯುವುದಿಲ್ಲ. ಯಾರಾದರೂ ಕೂತು ಫೋಮು ಕುಗ್ಗಿದಾಗಲೇ ಅದರ ಬಂಡವಾಳ ಬಯಲಾಗುವುದು. ಅದರಲ್ಲೂ ಮುಂದಿನ ಅಂಚಿನಲ್ಲಿ ಫೋಮನ್ನು ಗುಂಡಗೆ ಕಾಣಲಿ ಎಂದು ಕೆರೆದು ತೆಳುಮಾಡಿದ್ದ, ತೊಡೆ ತಾಗುವ ಜಾಗದಲ್ಲೇ.

"ಫೋನ್ ಮಾಡಿ ಕೇಳ್ರೀ" ಅಂದಳು ಹೆಂಡತಿ.

"ಏನಂತ ಕೇಳ್ಲಿ? ಬೀಗರೇ, ಕೂತಾಗ ನಿಮಗೆ ಎಲ್ಲಾದ್ರೂ ಚುಚ್ಚುತ್ತಾ ಅಂತಾನಾ?"

"ಹನ್ನೆರಡು ದಿನ ಆಯ್ತು. ಚುಚ್ಚಿದ್ರೆ ಅವ್ರು ಸುಮ್ನೆ ಇರ್ತಿದ್ರಾ?"

"ಇವತ್ತು ಅವ್ರ ಮನೇಲಿ ಊಟಕ್ಕೆ ಜನ ಬರ್ತಾರೆ ಅಂದಿದ್ಲಲ್ಲ ಮಗಳು. ಬೀಗರ ಜೊತೆ ಕೆಲಸ ಮಾಡ್ತಿದ್ದ ಇಬ್ರು ಮೇಷ್ಟ್ರು. ಅವರಲ್ಲೊಬ್ರು ಆನೆ ಹಾಗಿದ್ದಾರೆ ಕಣೇ! ಅವ್ರು ಅದರ ಮೇಲೆ ಕೂತ್ರೆ ಮಗಳು ಆ ಮನೇಲಿ ತಲೆ ಎತ್ತೋ ಹಾಗಿಲ್ಲ. ನಮ್ಮಪ್ಪನ ಕೈಕೆಲಸ ನೋಡಿ ಅಂದವಳು ಅವಳು."

ಹೆಂಡತಿ ಇನ್ನೇನೋ ಹೇಳುವಷ್ಟರಲ್ಲಿ ಅವನು ಪಿನ್ನು ಕೀಳುವ ಮೀಟುಗೋಲು, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಗಿಡ್ಡ ಮೊಳೆಗಳನ್ನು ಚೀಲಕ್ಕೆ ತುಂಬಿ ಬೀದಿಯಲ್ಲಿದ್ದ. ಚಪ್ಪಲಿ ಎಡಬಲ ಆಗಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದ. ಮೊದಲ ಕುರ್ಚಿ ಯಾವುದು? ಆರೂ ಒಂದೇ ಬಣ್ಣ, ಒಂದೇ ಅಳತೆ. ಗುರುತು ಮಾಡುವಷ್ಟು ವ್ಯವಧಾನ ತನಗೆ ಯಾವತ್ತು ಇತ್ತು ಎಂದು ತನ್ನನ್ನೇ ಬೈದುಕೊಂಡ, ಗಟ್ಟಿಯಾಗಿಯೇ. ಪಕ್ಕದಲ್ಲಿದ್ದವನು ಸ್ವಲ್ಪ ದೂರ ಸರಿದ.

ಬೀಗರ ಮನೆ ಮುಟ್ಟಿದಾಗ ಹನ್ನೊಂದು. ಹೆಡ್‌ಮಾಸ್ತರರು ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಅಳಿಯ ಆ ಇಬ್ಬರು ಮೇಷ್ಟ್ರನ್ನು ಕರೆತರಲು ಹೋಗಿದ್ದ. "ಈ ಕಡೆ ಬಂದಿದ್ದೆ, ಹಾಗೇ ಕುರ್ಚಿ ಹೇಗಿವೆ ನೋಡಿ ಹೋಗೋಣ ಅಂತ" ಎನ್ನುತ್ತ ಮೇಸ್ತ್ರಿ ನೇರ ಊಟದ ಮೇಜಿಗೆ ನಡೆದ. ಕೈಗೆ ಸಿಕ್ಕ ಕುರ್ಚಿ ಎಳೆದು ಧೊಪ್ಪನೆ ಕೂತ. ತೊಡೆಯನ್ನು ಮುಂದಿನ ಅಂಚಿಗೆ ಒತ್ತಿ, ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಎರಡು ಸಲ ಕುಕ್ಕಿದ. ಏನೂ ಇಲ್ಲ. ಎದ್ದು ಎರಡನೆಯದಕ್ಕೆ ಹೋದ. ಅಡುಗೆಮನೆಯ ಬಾಗಿಲಿಗೆ ಬಂದ ಬೀಗಿತ್ತಿ ಬೆರಗಾಗಿ ನಿಂತರು.

"ಇಲ್ಲಿ ಬನ್ರೀ, ನೋಡಿ! ಎರಡು ವರ್ಷದಿಂದ ಕೂತ್ಕೊಳ್ಳಿ ಅಂತ ಬಾಯಿ ನೋಯಿಸ್ಕೊಂಡಿದ್ದಕ್ಕೆ, ಇವತ್ತು ಬೀಗರು ಬಡ್ಡಿ ಸಮೇತ ಕೂರ್ತಿದ್ದಾರೆ."

ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹೆಡ್‌ಮಾಸ್ತರರು ಪೇಪರ್ ಮಡಿಸಿಕೊಂಡು ಬಂದು ಕನ್ನಡಕದ ಮೇಲಿನಿಂದ ನೋಡತೊಡಗಿದ್ದರು. ಮೇಸ್ತ್ರಿ ಬೆವೆತುಹೋದ. ಐದನೆಯದರಲ್ಲೂ ಕುಕ್ಕಿದ. ಐದೂ ಸರಿಯಾಗಿದ್ದವು. ಮೇಜಿನ ಸುತ್ತ ಕಣ್ಣಾಡಿಸಿದರೆ ಆರನೆಯದು ಇರಲಿಲ್ಲ.

"ಇನ್ನೊಂದು?"

"ಅದಾ! ನಿಮ್ಮ ಮಗಳ ರೂಮಲ್ಲಿದೆ" ಎಂದು ಬೀಗಿತ್ತಿ ನಕ್ಕರು. "ಬಂದ ಮಾರನೇ ದಿನವೇ ಒಳಗೆ ಹೊತ್ಕೊಂಡು ಹೋದ್ಲು. ಊಟಕ್ಕೆ ಬರೋವಾಗ ತಾನೇ ತರ್ತಾಳೆ, ಆಮೇಲೆ ತಾನೇ ವಾಪಸ್ ಒಯ್ತಾಳೆ. ಬೇರೆಯವ್ರನ್ನ ಅದರ ಮೇಲೆ ಕೂರೋಕೇ ಬಿಡಲ್ಲ ಪುಣ್ಯಾತ್ಗಿತ್ತಿ. ಅಪ್ಪ ಮಾಡಿದ್ದು ಅಂದ್ರೆ ಅಷ್ಟು ಪ್ರಾಣ."

ಮೇಸ್ತ್ರಿ ಹೋಗಿ ರೂಮಿನ ಬಾಗಿಲು ತಳ್ಳಿದ. ಮಗಳು ಮೇಜಿಗೆ ಬಾಗಿ ಏನೋ ಬರೆಯುತ್ತಿದ್ದಳು. ಕುರ್ಚಿಯ ಮೇಲೆ ನಾಲ್ಕು ಮಡಿಕೆ ಮಾಡಿದ ದಪ್ಪ ಹೊದಿಕೆ, ಅದರ ಮೇಲೆ ಅವಳು. ಅಪ್ಪನನ್ನೂ ಅವನ ಕೈಯಲ್ಲಿದ್ದ ಚೀಲವನ್ನೂ ನೋಡಿದವಳು ಮೆಲ್ಲಗೆ ಎದ್ದು ಬಾಗಿಲು ಮುಂದೆ ಮಾಡಿದಳು.

"ಗೊತ್ತಾಯ್ತಾ?" ಅಂದಳು.

ಅವನು ಹೊದಿಕೆ ತೆಗೆದು ಅಂಗೈಯನ್ನು ಅಂಚಿಗೆ ಬಲವಾಗಿ ಒತ್ತಿದ. ಸೂಜಿಯಂಥ ಮೊನೆಗಳು ಸಾಲಾಗಿ ಚುಚ್ಚಿದವು. ಕೈ ತೆಗೆಯಲಿಲ್ಲ. ಒತ್ತಿಕೊಂಡೇ ಇದ್ದ. ಮಗಳೇ ಅವನ ಮಣಿಕಟ್ಟು ಹಿಡಿದು ಎತ್ತಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊದಲನೇ ದಿನ, ಊಟಕ್ಕೆ ಕೂತಾಗ. ಉದ್ದ ಪಿನ್ನು ಅಂತ ಆಗ್ಲೇ ತಿಳೀತು."

"ಎಲ್ರ ಮುಂದೆ?"

"ಹ್ಞೂಂ. ಊಟ ಮುಗಿಯೋವರೆಗೂ ಅಲ್ಲಾಡದೆ ಕೂತಿದ್ದೆ."

"ನಿಂಗೆ ಕೆಲಸ ಬರುತ್ತೆ. ಕಿತ್ತು ಹಾಕ್ಬಹುದಿತ್ತಲ್ಲ ಮಗಳೇ."

"ಕಿತ್ರೆ ವಾಪಸ್ ಹೊಡೆಯೋಕೆ ಗಿಡ್ಡ ಪಿನ್ನು ಬೇಕು. ನಿನ್ನ ಹತ್ರಾನೇ ಕೇಳ್ಬೇಕಿತ್ತು. ಕೇಳಿದ್ರೆ ನಿಂಗೆ ಗೊತ್ತಾಗ್ತಿತ್ತು."

"ಗೊತ್ತಾದ್ರೆ ಏನಾಗ್ತಿತ್ತು? ಬೈತಿದ್ನಾ ನಿನ್ನ?"

"ಡಾಕ್ಟರ ಮನೆ ಸೋಫಾದಲ್ಲಿ ಒಂದು ಹೊಲಿಗೆ ಬಿಟ್ಟಿತ್ತು ಅಂತ ಹತ್ತು ವರ್ಷದಿಂದ ನೀನು ಆ ಬೀದೀಲಿ ಓಡಾಡಲ್ಲ" ಅಂದಳು. "ಸುತ್ತು ಹಾಕ್ಕೊಂಡು ಹೋಗ್ತೀಯ. ಅವ್ರು ಅದನ್ನ ಯಾವತ್ತೋ ಮರ್ತಿದ್ದಾರೆ. ಈ ಮನೆಗೂ ಹಾಗೇ ಮಾಡ್ತಿದ್ದೆ. ನಂಗೆ ಗೊತ್ತು ನಿನ್ನ. ಈಗ್ಲೇ ನೀನು ಬರೋದು ಐದು ನಿಮಿಷ. ಅದೂ ಹೋದ್ರೆ ನಂಗೆ ಯಾರಿದ್ದಾರೆ ಅಪ್ಪಾ ಇಲ್ಲಿ?"

ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಅವನು ಅದನ್ನೇ ಅಂದುಕೊಂಡಿದ್ದ: ಹೇಗಾದರೂ ಇವತ್ತು ಮಾನ ಉಳಿದರೆ ಸಾಕು, ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಮಗಳಿಗೆ ಅದು ಹನ್ನೆರಡು ದಿನ ಮೊದಲೇ ತಿಳಿದಿತ್ತು. ನೆಲಕ್ಕೆ ಕುಕ್ಕರಿಸಿ, ಕಣ್ಣು ಮಂಜಾಗಿದ್ದರಿಂದ ಸ್ಕ್ರೂ ಹುಡುಕಲು ಕೈಯನ್ನೇ ಆಡಿಸಿದ. ಇಬ್ಬರೂ ಸೇರಿ ಸೀಟನ್ನು ಬಿಚ್ಚಿದರು. ಅವಳು ಪಿನ್ನು ಕೀಳುತ್ತ ಹೋದಳು, ನಿಧಾನವಾಗಿ, ಚೊಕ್ಕವಾಗಿ. ಅವನು ಬಟ್ಟೆ ಎಳೆದು ಮೊಳೆ ಹೊಡೆಯತೊಡಗಿದ. ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಬಾಗಿಲು ತೆರೆಯಿತು. ಹೆಡ್‌ಮಾಸ್ತರರು, ಅವರ ಹಿಂದೆ ಬೀಗಿತ್ತಿ.

"ಏನಿದು ಸದ್ದು?"

"ಕಾಲು ಅಲ್ಲಾಡ್ತಿತ್ತು ಮಾವ, ಅದಕ್ಕೇ ಅಪ್ಪ..." ಎಂದು ಮಗಳು ಶುರುಮಾಡಿದಳು.

"ಇಲ್ಲ ಬೀಗರೇ" ಎಂದ ಮೇಸ್ತ್ರಿ. "ಕಾಲು ಸರಿಯಾಗಿದೆ. ನಾನು ಗಡಿಬಿಡೀಲಿ ತಪ್ಪು ಪಿನ್ನು ಹೊಡೆದಿದ್ದೆ. ಕೂತವರಿಗೆ ಚುಚ್ಚುತ್ತೆ. ನಿಮಗೆ ಯಾರಿಗೂ ಚುಚ್ಚಬಾರದು ಅಂತ, ನನ್ನ ಹೆಸರು ಕೆಡಬಾರದು ಅಂತ, ಇವಳು ಹನ್ನೆರಡು ದಿನದಿಂದ ಇದರ ಮೇಲೆ ಕೂತಿದ್ದಾಳೆ."

ಹೆಡ್‌ಮಾಸ್ತರರು ಬಗ್ಗಿ ಒಂದು ಪಿನ್ನನ್ನು ಎತ್ತಿಕೊಂಡು ಅದರ ಮೊನೆಯನ್ನು ಬೆರಳಿಗೆ ತಾಗಿಸಿ ನೋಡಿದರು. ಮೇಸ್ತ್ರಿ ಮಾರ್ಕಿಗೆ ಕಾದ. ಅವರು ಅವನ ಕಡೆ ನೋಡಲೇ ಇಲ್ಲ.

"ನಮಗೆ ಯಾಕಮ್ಮ ಹೇಳಲಿಲ್ಲ?" ಎಂದು ಸೊಸೆಯನ್ನು ಕೇಳಿದರು.

ಅವಳು ತಲೆ ತಗ್ಗಿಸಿ, ಕಿತ್ತ ಪಿನ್ನುಗಳನ್ನು ನೆಲದ ಮೇಲೆ ಗುಡ್ಡೆ ಮಾಡುತ್ತಿದ್ದಳು. ಅವರು ಇನ್ನೊಮ್ಮೆ ಕೇಳಲಿಲ್ಲ. ಹಿಂದೆ ನಿಂತಿದ್ದ ಬೀಗಿತ್ತಿ ಒಳಗೆ ಬಂದು ಆ ಹೊದಿಕೆಯನ್ನು ಎತ್ತಿ ಕೊಡವಿ ಮಡಿಸಿದರು. ಮಡಿಸಿದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಎದೆಗೆ ಹಿಡಿದುಕೊಂಡೇ ನಿಂತರು.

ಕುರ್ಚಿ ಮುಗಿಯುವ ಹೊತ್ತಿಗೆ ಅತಿಥಿಗಳ ಕಾರು ಬಂತು. ಊಟಕ್ಕೆ ಇರಿ ಎಂದು ಬೀಗರಿಬ್ಬರೂ ಹೇಳಿದರು, ಈ ಸಲ ಬಾಯಿಮಾತಿಗಲ್ಲ. ಮೇಸ್ತ್ರಿಯಿಂದ ಆಗಲಿಲ್ಲ. ಕಾಲು ಆಗಲೇ ಬೀದಿಗೆ ತಿರುಗಿತ್ತು, ಹುಟ್ಟುಗುಣ ಒಂದು ದಿನಕ್ಕೆ ಎಲ್ಲಿ ಹೋಗುತ್ತದೆ. ಮಗಳು ಗೇಟಿನವರೆಗೆ ಬಂದು ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು.

"ಮುಂದಿನ ಭಾನುವಾರ ಬರ್ತೀಯಲ್ಲ?"

"ಬರ್ತೀನಿ ಬಿಡು."

"ಹಾಗಲ್ಲ. ಸರಿಯಾಗಿ ಹೇಳು."

"ಬರ್ತೀನಿ ಮಗಳೇ."

ಆಗ ತೋಳು ಬಿಟ್ಟಳು.