ಮಂಗಳಗೌರಿ ಮೇಡಂ ಬರೆದುಕೊಟ್ಟ ಅರ್ಜಿ

ಹುಣಸೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಮಂಗಳಗೌರಿ ಹದಿನೇಳು ವರ್ಷದಿಂದ ಮನಃಶಾಸ್ತ್ರ ಪಾಠ ಮಾಡುತ್ತಿದ್ದರು. ಹದಿನೇಳು ವರ್ಷವೂ ತಾತ್ಕಾಲಿಕವೇ. ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಆಫೀಸಿನಿಂದ ಫೋನ್ ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ.

ಫೆಬ್ರವರಿ ಬಂತೆಂದರೆ ಕೊನೆಯ ವರ್ಷದ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಮೇಡಂ, ಇದಾದ್ಮೇಲೆ ಏನ್ ಮಾಡೋದು?" ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ಬರೀ ಬಿ.ಎ. ಮುಗಿಸಿದರೆ ಕೌನ್ಸೆಲರ್ ಆಗುವುದಿಲ್ಲ, ಎಂ.ಎಸ್ಸಿ. ಎರಡು ವರ್ಷ ಬೇಕು. ಆಸ್ಪತ್ರೆಯಲ್ಲಿ ಕೂತು ಚಿಕಿತ್ಸೆ ಕೊಡಬೇಕಾದರೆ ಅದರ ಮೇಲೆ ಇನ್ನೂ ಓದಬೇಕು, ಪರವಾನಗಿ ಬೇಕು. ಅಷ್ಟು ಆಗದವರಿಗೆ ಸಮಾಜಕಾರ್ಯ ಇದೆ, ಬಿ.ಎಡ್. ಇದೆ, ಫ್ಯಾಕ್ಟರಿಗಳಲ್ಲಿ ಎಚ್.ಆರ್. ಕೆಲಸ ಇದೆ. ಇದನ್ನೇ ಹೇಳಿ ಹೇಳಿ ಅವರ ಬಾಯಿ ಒಣಗಿತ್ತು. ಒಂದು ವಾಕ್ಯ ಮುಗಿಯುವ ಮೊದಲೇ ಮುಂದಿನದು ಅವರಿಗೆ ಬೇಸರ ತರಿಸುತ್ತಿತ್ತು. ಹೆಚ್ಚಿನ ಹುಡುಗಿಯರು ಎಲ್ಲ ಬರೆದುಕೊಂಡು ಹೋಗಿ, ಮೇ ತಿಂಗಳಲ್ಲಿ ಲಗ್ನಪತ್ರಿಕೆ ತಂದುಕೊಡುತ್ತಿದ್ದರು.

ಹೀಗಿರುವಾಗ ಒಂದು ಫೆಬ್ರವರಿಯಲ್ಲಿ ಗುರುಪುರದ ರಮ್ಯಶ್ರೀ ಆ ಬಾಗಿಲಿಗೆ ಬಂದಳು. ಹೆಚ್ಚು ಮಾತಿನವಳಲ್ಲ, ಆದರೆ ಪಾಠ ಕೇಳುವಾಗ ಕಣ್ಣು ಅಲುಗಿಸುತ್ತಿರಲಿಲ್ಲ. ರಜೆಯಲ್ಲಿ ಮಂಗಳಗೌರಿಯವರೇ ಅವಳನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಯೊಂದಕ್ಕೆ ಒಂದು ತಿಂಗಳು ಕಳಿಸಿದ್ದರು. "ಮೇಡಂ, ನಾನು ಮುಂದಕ್ಕೆ ಓದ್ಬೇಕು" ಎಂದಳು ಅವಳು. ಅಷ್ಟೇ ಹೇಳಿದ್ದು. ಏನು ಓದಬೇಕು ಎಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆ ಭಾನುವಾರ ಮಂಗಳಗೌರಿ ಬಿಳಿಕೆರೆಯ ಮನೆಯಲ್ಲಿ ಅಡುಗೆ ಮುಗಿಸಿ ಕೂತು, ಕ್ಲಿನಿಕಲ್ ಸೈಕಾಲಜಿ ಎಂ.ಎಸ್ಸಿ.ಯ ಅರ್ಜಿಗೆ ಜೊತೆಯಲ್ಲಿಡುವ ಪತ್ರವನ್ನು ರಮ್ಯಶ್ರೀಯ ಹೆಸರಿನಲ್ಲಿ ತಾವೇ ಬರೆದರು. ನಾನು ಯಾಕೆ ಈ ವಿಷಯ ಓದಲು ಬಯಸುತ್ತೇನೆ ಎಂಬ ಎರಡು ಪುಟ. ಎಷ್ಟೋ ವರ್ಷದಿಂದ ಹಾಗೆ ಪೆನ್ನು ಓಡಿರಲಿಲ್ಲ. ಗೊಬ್ಬರದ ಅಂಗಡಿ ಮುಚ್ಚಿ ಊಟಕ್ಕೆ ಬಂದ ಗಂಡ ವಿರೂಪಾಕ್ಷ ಎರಡು ಸಲ ಕರೆದರೂ ಕೇಳಿಸಲಿಲ್ಲ.

ಎಂ.ಎಸ್ಸಿ.ಗೆ ಅರ್ಜಿ ಹಾಕಿಸುತ್ತೇನೆ ಎಂದು ಸೋಮವಾರ ಅವರು ರಮ್ಯಶ್ರೀಗೆ ಹೇಳಿದ್ದು ಅವಳ ಮನೆಗೂ ಮುಟ್ಟಿತು. ವಾರದೊಳಗೆ ಅವಳ ಅಪ್ಪ ನಂಜುಂಡಸ್ವಾಮಿ ಕಾಲೇಜಿಗೇ ಬಂದರು. ಹೊಗೆಸೊಪ್ಪಿನ ಹರಾಜು ಮುಗಿಸಿಕೊಂಡು ನೇರ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಮ್ಮೋರೆ, ನಮ್ಮುಡ್ಗಿಗೆ ಏನ್ ತಲೆಗೆ ತುಂಬಿದ್ದೀರಿ? ಎಲ್ಡು ವರ್ಸ ಓದಿ, ಮ್ಯಾಲೆ ಇನ್ನೂ ಓದ್ಬೇಕಂತೆ. ಊರಲ್ಲಿ ಆಗ್ಲೇ ಉಚ್ಚರ ಡಾಕ್ಟ್ರು ಅಂತ ಆಡ್ಕತಾವ್ರೆ."

"ಆಡ್ಕೊಳ್ಳೋರು ನಾಳೆ ಅವಳ ಹತ್ರಾನೇ ಬರ್ತಾರೆ ಕಣ್ರೀ" ಎಂದರು ಮಂಗಳಗೌರಿ.

"ಆಗ್ಲಿ, ಬುಡಿ. ನೀವೂ ಇದ್ನೇ ಓದಿದ್ರಲ್ವಾ? ನೀವೇನಾದ್ರಿ?"

ಅವರದು ಕುಹಕವಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಮಂಗಳಗೌರಿ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಎಂ.ಎ. ಆದ ಮೇಲೆ ಮುಂದಿನ ಓದಿಗೆ ಅರ್ಜಿ ತಂದಿಟ್ಟಿದ್ದರು. ಆಗ ಮಗಳಿಗೆ ಏಳು ತಿಂಗಳು. ಮುಂದಿನ ವರ್ಷ ನೋಡೋಣ ಅಂದುಕೊಂಡರು. ಅದರ ಮುಂದಿನ ವರ್ಷವೂ ಹಾಗೇ ಅಂದುಕೊಂಡರು. ಮೂರನೆಯ ವರ್ಷ ಅಂದುಕೊಳ್ಳುವುದೂ ನಿಂತುಹೋಯಿತು. ಯಾರೂ ಬೇಡ ಅಂದಿರಲಿಲ್ಲ. "ಅರ್ಧಕ್ಕೆ ನಿಂತಿದ್ದಕ್ಕೆ ನಾನು ಹಿಂಗಿದ್ದೀನಿ. ನಿಮ್ಮ ಮಗಳು ನಿಲ್ಲೋದು ಬೇಡ" ಎಂದರು.

ನಂಜುಂಡಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನೀವು ಇಷ್ಟು ಯೋಳಿದ್ಮೇಲೆ ನಾನೇನ್ ಅನ್ಲಿ. ಓದ್ಲಿ, ಓದ್ಲಿ" ಎಂದು ಹೊರಟುಹೋದರು.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಂಗಳಗೌರಿ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಒಂದು ಪೀರಿಯಡ್ ಪೂರ್ತಿ ಕೂತರು.

ಮರುದಿನ ರಮ್ಯಶ್ರೀಯನ್ನು ಕರೆದು ಎರಡು ಪುಟವನ್ನೂ ಕೈಗೆ ಕೊಟ್ಟರು. ಅವಳು ನಿಂತೇ ಓದಿದಳು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

"ಚೆನ್ನಾಗದೆ ಮೇಡಂ. ಆದ್ರೆ ಇದು ನಾನಲ್ಲ."

"ಅಂದ್ರೆ?"

"ನಂಗೆ ಆಸ್ಪತ್ರೆ ಬೇಡ ಮೇಡಂ. ಆ ಸ್ಕೂಲಲ್ಲಿ ಒಬ್ಳು ಪುಟ್ಟ ಹುಡ್ಗಿ ಇದ್ಲು. ಬೆಲ್ ಹೊಡೆದ್ರೆ ಕಿರುಚ್ತಾ ಇದ್ಲು. ಬೆಲ್‌ಗೆ ಮುಂಚೆ ನಾನೇ ಅವಳನ್ನ ಹಿಂದ್ಗಡೆ ಅಂಗಳಕ್ಕೆ ಕರ್ಕಂಡು ಹೋಗ್ತಿದ್ದೆ. ಮೂರನೇ ವಾರ ಅವಳೇ ಬಂದು ನನ್ನ ಕೈ ಹಿಡ್ಕಂಡ್ಳು. ಅಂಥ ಮಕ್ಳಿಗೆ ಕಲಿಸೋ ಬಿ.ಎಡ್. ಇದ್ಯಂತೆ, ನಂಗೆ ಅದು ಬೇಕು." ಅಷ್ಟು ಮಾತು ಅವಳು ಮೂರು ವರ್ಷದಲ್ಲಿ ಒಟ್ಟಿಗೆ ಆಡಿರಲಿಲ್ಲ. "ಅಪ್ಪನ ಮುಂದೆ ನೀವು ನಂಗೋಸ್ಕರ ಅಷ್ಟೆಲ್ಲ ಮಾತಾಡಿದ್ರಿ. ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಮಂಗಳಗೌರಿಗೆ ಮೊದಲು ಬಂದದ್ದು ಕೋಪ. ಇಷ್ಟು ಅಂಕ ತೆಗೆದವಳು ಅಷ್ಟಕ್ಕೆ ನಿಲ್ಲುವುದೇ ಎಂದು ಬಾಯಿ ತೆರೆದರು. ಆ ಹೊತ್ತಿಗೆ ಕಣ್ಣು ತಮ್ಮ ಅಕ್ಷರದ ಮೇಲೆ ಬಿತ್ತು. ಎರಡು ಪುಟದಲ್ಲಿ ಎಲ್ಲಿಯೂ ಆ ಶಾಲೆಯ ಹೆಸರಿರಲಿಲ್ಲ, ಗುರುಪುರ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಇನ್ಯಾರದೋ ಆಸೆ ಇತ್ತು. ಹದಿನೇಳು ವರ್ಷ ಮಕ್ಕಳಿಗೆ ದಾರಿ ಹೇಳಿದವರು, ಈ ಒಬ್ಬಳನ್ನು ಎಲ್ಲಿಗೆ ಹೋಗಬೇಕೆಂದು ಕೇಳಿಯೇ ಇರಲಿಲ್ಲ.

"ಕೂತ್ಕೋ" ಎಂದರು. "ಆ ಮಗು ವಿಷಯ ಈಗ ಹೇಳಿದ್ಯಲ್ಲ, ಅದನ್ನೇ ಬರಿ. ಕಾಗುಣಿತ ಮಾತ್ರ ನಾನು ನೋಡ್ತೀನಿ."

ಅವಳು ಬರೆದದ್ದು ಅರ್ಧ ಪುಟ. ಮಂಗಳಗೌರಿ ಎರಡು ಒತ್ತಕ್ಷರ ತಿದ್ದಿದರು, ಮತ್ತೇನೂ ಮುಟ್ಟಲಿಲ್ಲ. ನಂಜುಂಡಸ್ವಾಮಿಗೂ ಅವರೇ ಫೋನ್ ಮಾಡಿ, ತಪ್ಪು ತಮ್ಮದು ಎಂದರು. "ಟೀಚರ್ ಕೆಲ್ಸ ಅಂತ ಮೊದ್ಲೇ ಯೋಳೋದಲ್ವಾ ಮೇಡಮ್ಮೋರೆ" ಎಂದು ಅವರು ನಕ್ಕುಬಿಟ್ಟರು.

ಆ ವರ್ಷವೇ ರಮ್ಯಶ್ರೀಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು. ಮಂಗಳಗೌರಿಗೂ ಆಫೀಸಿನಿಂದ ಫೋನ್ ಬಂತು. ಈ ಸಲ ಮನಃಶಾಸ್ತ್ರ ತೆಗೆದುಕೊಂಡವರು ಆರೇ ಮಂದಿ, ಜೊತೆಗೆ ಗ್ರಂಥಾಲಯವನ್ನೂ ನೋಡಿಕೊಳ್ಳಬೇಕು ಎಂದರು. ಅವರು ಹೂಂ ಅಂದರು.

ಮೊದಲ ದಿನದ ತರಗತಿ ಮುಗಿಸಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಚ್ಚರವಾದಾಗ ಕಂಡಕ್ಟರ್ ಭುಜದ ಹತ್ತಿರ ನಿಂತಿದ್ದ. "ಎಲ್ಲಿಗಮ್ಮ ನೀವು? ಬಿಳಿಕೆರೆ ಅಲ್ವಾ? ಆಗ್ಲೇ ಓಯ್ತಲ್ಲ."

ಮೈಸೂರಿನ ದಾರಿಯಲ್ಲಿ ಮುಂದೆ ಸಿಗುವ ಇಲವಾಲದಲ್ಲಿ ಇಳಿದರು. ರಸ್ತೆ ದಾಟಿ, ವಾಪಸ್ಸು ಹುಣಸೂರು ಕಡೆ ಹೋಗುವ ಬಸ್ಸಿಗೆ ಕೈ ತೋರಿಸಲು ನೆರಳಿದ್ದ ಜಾಗ ನೋಡಿಕೊಂಡು ನಿಂತರು.