ಖಾಲಿ ಫ್ಲ್ಯಾಶ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಫೋಟೋ ತೆಗೆದೇ ಹೊಟ್ಟೆ ಹೊರೆದರೂ, ಫೋಟೋಗೆಂದು ನಿಂತವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹುನಗುಂದದ ನನ್ನ ಸ್ಟುಡಿಯೋಕ್ಕೆ ನಗುನಗುತ್ತ ಬಂದವರು ಸ್ಟೂಲಿನ ಮೇಲೆ ಕೂತೊಡನೆ ಕೋರ್ಟಿನಲ್ಲಿ ಸಾಕ್ಷಿಗೆ ನಿಂತವರಂತೆ ಬಿಗಿಯುತ್ತಿದ್ದರು. ನನಗೆ ಬೇಕಾಗಿದ್ದದ್ದು ದಿನದ ಬದುಕು. ಬಸ್ ಸ್ಟ್ಯಾಂಡಿನಲ್ಲಿ ಆಕಳಿಸುವವರು, ರೊಟ್ಟಿ ಬಡಿಯುವ ಕೈ, ಬೇವೂರಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಂಚಿಕೊಳ್ಳುವವರು. ಅದಕ್ಕಾಗಿ ಪ್ರತಿ ಮಂಗಳವಾರ ಅಂಗಡಿಗೆ ಬೀಗ ಹಾಕಿ ಊರೂರು ಅಲೆಯುತ್ತಿದ್ದೆ. "ಎಲ್ಲಾರೂ ಮದಿವಿ ಫೋಟೋ ತೆಗಿತಾರ, ನೀವು ಮಂದಿ ಆಕಳಿಕಿ ಹಿಡೀಲಿಕ್ಕೆ ಹೋಗ್ರಿ" ಎಂದು ನನ್ನ ಹೆಂಡತಿ ಬುತ್ತಿ ಕಟ್ಟಿಕೊಡುತ್ತಿದ್ದಳು.

ಡಿಜಿಟಲ್ ಕ್ಯಾಮೆರಾ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ರೋಲಿನಲ್ಲಿ ಮೂವತ್ತಾರೇ ಫೋಟೋ. ಹಾಗಾಗಿ ಒಂದು ಉಪಾಯ ಮಾಡಿಕೊಂಡಿದ್ದೆ. ಬಿಗಿದು ನಿಂತವರ ಮುಂದೆ ಫ್ಲ್ಯಾಶಿನ ಗುಂಡಿಯಷ್ಟನ್ನೇ ಒತ್ತಿ ಬರೀ ಫ್ಲ್ಯಾಶ್ ಹೊಳೆಯಿಸುವುದು, ಫೋಟೋ ತೆಗೆಯದಿರುವುದು. ಆಯಿತೆಂದು ಅವರು ಉಸಿರು ಬಿಟ್ಟು ಸಡಿಲಾದಾಗ ನಿಜವಾದ ಫೋಟೋ. ಈ ಜಾಣತನದ ಬಗ್ಗೆ ನನಗೆ ಭಾರೀ ಹೆಮ್ಮೆ ಇತ್ತು.

ಇಳಕಲ್ಲಿನ ಗೌರಕ್ಕನ ಕುಣಿಮಗ್ಗದ ಮುಂದೆ ನಾನು ಎಷ್ಟೋ ಮಂಗಳವಾರ ಕೂತಿದ್ದೇನೆ. ಕುಣಿಯೊಳಗೆ ಕಾಲಿಳಿಬಿಟ್ಟು ಅವಳು ನೇಯುತ್ತಿದ್ದದ್ದು ಮಾಲೀಕರ ಸೀರೆ, ಉಡುತ್ತಿದ್ದದ್ದು ಮಿಲ್ಲಿನ ಸೀರೆ. ಒಂದು ದಿನ ನಾನು ಹೋದಾಗ ದಾಳಿಂಬೆ ಬಣ್ಣದ ಸೀರೆಯೊಂದು ಆಗಷ್ಟೇ ಮಗ್ಗದಿಂದ ಇಳಿದಿತ್ತು.

"ಅಣ್ಣಾರ, ಇದನ್ನ ಹೊದ್ಕೊಂಡು ನಿಂದರ್ತೇನಿ, ಒಂದ ಫೋಟೋ ತೆಗಿರಿ. ಇಪ್ಪತ್ತ ವರ್ಷ ನೇಯ್ದೇನಿ, ಒಂದರೆ ನನ್ನ ಮೈಮ್ಯಾಲೆ ಬಿದ್ದಿಲ್ಲ. ಮಾಲೀಕರ ಮನುಷ್ಯಾ ಬರೂದ್ರಾಗ ಆಗ್ಲಿ."

ಕೆಂಪು ಸೆರಗನ್ನು ಹೆಗಲ ಮೇಲೆ ಹರಡಿಕೊಂಡು ಮಗ್ಗದ ಪಕ್ಕ ಕಂಬದಂತೆ ನಿಂತಳು. ನಾನು ರೂಢಿಯಂತೆ ಖಾಲಿ ಫ್ಲ್ಯಾಶ್ ಹೊಳೆಯಿಸಿದೆ.

"ಆತೇನ್ರಿ?"

"ಆತ್ರಿ ಅಕ್ಕಾರ."

ಅವಳು ಸೀರೆಯ ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಮಡಿಚತೊಡಗಿದಳು. ಆಗ ತೆಗೆದೆ. ಅಂಥ ಚೆಂದದ ಚಿತ್ರ ನನ್ನ ಕೈಯಿಂದ ಮತ್ತೆ ಬಂದಿಲ್ಲ.

ರೋಲು ಬಾಗಲಕೋಟೆಯ ಲ್ಯಾಬಿಗೆ ಹೋಗಿ ಬಂದ ಮೇಲೆ ಆ ಪ್ರಿಂಟನ್ನು ಉಬ್ಬಿಕೊಂಡು ಒಯ್ದು ಕೊಟ್ಟೆ. ಗೌರಕ್ಕ ನೋಡಿದಳು, ಹಿಂದೆ ತಿರುಗಿಸಿಯೂ ನೋಡಿದಳು.

"ಛಲೋ ಐತ್ರಿ. ನಾ ನಿಂತಿದ್ದು ಎಲ್ಲೈತಿ?"

"ಅದು ಸರಿ ಬರಲಿಲ್ರಿ."

"ಬರೂದರೆ ಎಲ್ಲಿಂದ? ಫೋಟೋ ತಗದ ಮ್ಯಾಲೆ ಪ್ರತಿ ಸಲ ನಿಮ್ಮ ಹೆಬ್ಬಟ್ಟ ಆಡತೈತಿ. ಅವತ್ತ ಮೊದಲನೇದಕ್ಕ ಆಡ್ಲಿಲ್ಲ. ಏನರೆ ಹೊಸಾ ಪದ್ಧತಿ ಇರಬೇಕ ಅನಕೊಂಡೆ."

ರೋಲು ಮುಂದೆ ಸರಿಸುವ ಬೆರಳನ್ನು ಅವಳು ಗಮನಿಸಿದ್ದಳು. ಒಂದು ಎಳೆ ತಪ್ಪಿದರೂ ಹಿಡಿಯುವ ಕಣ್ಣದು. ನನಗೆ ನಾಚಿಕೆಯಾಯಿತು. ಮತ್ತೆ ನಿಲ್ಲಿಸಿ ತೆಗೆಯೋಣವೆಂದರೆ, ಸೀರೆ ಆಗಲೇ ಯಾವ ಊರಿನ ಯಾರ ಮನೆ ಸೇರಿತ್ತೋ.

ಬಾದಾಮಿಯ ಗುಹೆಗಳಲ್ಲಿ ದೇವರು ಠೀವಿಯಿಂದ ನಿಂತಿರುತ್ತಾನೆ. ಅವನ ಕಾಲ ಕೆಳಗಿನ ಪಟ್ಟಿಯಲ್ಲಿ ಗುಜ್ಜ ಗಣಗಳು ಹೊಟ್ಟೆ ಬಿಟ್ಟುಕೊಂಡು ಕುಣಿಯುತ್ತಿರುತ್ತವೆ. ಆ ಗಣಗಳನ್ನು ಕೆತ್ತಿದ ಶಿಲ್ಪಿಯೂ ಬಿಗಿದು ನಿಂತವರನ್ನು ಒಲ್ಲದ ನನ್ನ ಜಾತಿಯವನೇ ಎಂದು ಸ್ನೇಹಿತರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವನು ದೇವರನ್ನೂ ಕೆತ್ತಿದ್ದ ಎಂಬುದು ನನ್ನ ತಲೆಗೆ ಹೊಳೆದದ್ದು ಆಗಲೇ. ನಾನಾಗಿದ್ದರೆ ದೇವರಿಗೆ ಖಾಲಿ ಫ್ಲ್ಯಾಶ್ ತೋರಿಸಿ ಕಳಿಸುತ್ತಿದ್ದೆ.

ಮುಂದಿನ ಸೀರೆ ಇಳಿಯುವ ದಿನ ಕೇಳಿಕೊಂಡು ಹೋದೆ. ಈ ಸಲ ಬೂದಿ ಬಣ್ಣದ್ದು, ಮಾಲೀಕರ ಆರ್ಡರಿನದು. ಗೌರಕ್ಕನಿಗೆ ಆ ಬಣ್ಣ ಅಷ್ಟಾಗಿ ಹಿಡಿಸಿರಲಿಲ್ಲ. ಆದರೂ ಹೊದ್ದು ನಿಂತಳು. ಮೊದಲ ಫ್ಲ್ಯಾಶಿಗೇ ಖರೇ ಫೋಟೋ ತೆಗೆದೆ.

ಆ ಚಿತ್ರ ಈಗಲೂ ಅವಳ ಮಗ್ಗದ ಮೇಲಿನ ಗೋಡೆಯಲ್ಲಿದೆ. ಸೆರಗು ಚೆನ್ನಾಗಿ ಬಂದಿದೆ, ನಿಲುವೂ ಬಂದಿದೆ. ಕಣ್ಣು ಮಾತ್ರ ಕ್ಯಾಮೆರಾ ಕಡೆಗಿಲ್ಲ. ಸ್ವಲ್ಪ ಪಕ್ಕಕ್ಕೆ, ನನ್ನ ಹೆಬ್ಬೆರಳಿನ ಮೇಲಿದೆ.